ಕಾಕೂ ಸರಿಸಮ ಮಾಡಿಕೊಂಡ ಆಟ

ಕಟ್ಟಿಗೆಯ ಗೊಂಬೆಗೆ ಹಚ್ಚುವ ಬಣ್ಣದ ವಾಸನೆ ಗೋಕಾಕದವರ ಮೂಗಿಗೆ ಹೊಸದಲ್ಲ. ಆದರೂ ಮೊನ್ನೆ ಮಗಳಿಗೆಂದು ತಂದ ಚದುರಂಗದ ಡಬ್ಬಿ ತೆರೆದಾಗ ಅದೇ ವಾಸನೆಗೆ ನನ್ನ ಕೈ ತಡೆಯಿತು. ಬಾಜೂ ಮನೆಯ ಕಾಕೂ ನೆನಪಾದರು...

ನಾನು ಕಾನ್ವೆಂಟಿನಿಂದ ಬರುವ ಹೊತ್ತಿಗೆ ಕಾಕೂ ಪಡಸಾಲೆಯಲ್ಲಿ ಆಟ ಹೂಡಿರುತ್ತಿದ್ದರು. ಎದುರಿನ ಕುರ್ಚಿ ಖಾಲಿ. ಅವರ ಯಜಮಾನರು, ಕಾಕಾ, ತೀರಿಕೊಂಡು ವರ್ಷಗಳಾಗಿದ್ದವು. ಕಾಕೂ ತಮ್ಮ ಬಿಳಿ ಕಾಯಿ ನಡೆಸಿ, ಕುರ್ಚಿಯ ಕಡೆ ಸ್ವಲ್ಪ ಹೊತ್ತು ಕಿವಿಗೊಟ್ಟು, ಆಮೇಲೆ ಕಪ್ಪು ಕಾಯಿಯನ್ನೂ ತಾವೇ ನಡೆಸುತ್ತಿದ್ದರು. ಕಪ್ಪಿನ ಆರಂಭ ಯಾವಾಗಲೂ ಒಂದೇ: ರಾಜನ ಮುಂದಿನ ಪದಾತಿ ಎರಡು ಮನೆ, ಮರುನಡೆಗೇ ರಾಜ ಸ್ವತಃ ಒಂದು ಮನೆ ಮುಂದೆ. ಆಟ ಬಲ್ಲವರು ಯಾರೂ ಹಾಗೆ ಆಡುವುದಿಲ್ಲ.

"ಮನಿ ಯಜಮಾನ ಹೊಸ್ತಲಕ್ಕ ಬಂದು ನಿಲ್ಲಬೇಕಂತ ನಿಮ್ಮ ಕಾಕಾಗ. ಹಟಮಾರಿ," ಎಂದು ನಗುತ್ತಿದ್ದರು. ಆದರೆ ಆಟವನ್ನು ಸೋಲು ಗೆಲುವಿನ ತನಕ ಒಯ್ಯುತ್ತಿರಲಿಲ್ಲ. "ನಾ ಗೆದ್ರ ಅವರು ಎದ್ದು ಹೋಗ್ತಾರ. ಸೋತ್ರ ನನ್ನ ಕರಕೊಂಡು ಹೋಗ್ತಾರ. ಸರಿಸಮ ಇಟ್ರ ಇಬ್ರೂ ಇಲ್ಲೇ ಇರ್ತೇವಿ."

ಮೂಡಲಗಿಯಲ್ಲಿ ಹೆಣ್ಣುಮಕ್ಕಳ ಪಂದ್ಯ ನಡೆದಾಗ ನಾನೇ ಒತ್ತಾಯ ಮಾಡಿ ಕರೆದೊಯ್ದೆ. ಕಾಕೂ ಎಲ್ಲರನ್ನೂ ಸೋಲಿಸುತ್ತ ಕೊನೆಯ ಆಟಕ್ಕೆ ಬಂದರು. ಎದುರಿಗೆ ಹುಕ್ಕೇರಿ ಕಡೆಯ ಒಬ್ಬ ಹುಡುಗಿ, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ. ಕಪ್ಪು ಅವಳದು. ರಾಜನ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದಳು. ಆಮೇಲೆ ರಾಜನನ್ನೇ ಹೊರತಂದಳು.

ಕಾಕೂ ತಲೆಯ ಮೇಲೆ ಸೆರಗು ಹೊದ್ದದ್ದನ್ನು ನಾನು ನೋಡಿದ್ದು ಅಂದೇ.

ಇನ್ನೆರಡು ನಡೆಗೆ ಕಾಕೂ ಗೆಲ್ಲುವುದು ನನಗೂ ಕಾಣುತ್ತಿತ್ತು. ಅವರ ಕೈ ಮಂತ್ರಿಯ ಮೇಲೆ ಹೋಗಿ ನಿಂತಿತು. "ಸರಿಸಮ ಮಾಡೂಣೇನ್ರಿ?"

"ಏನ್ರೀ ಅಕ್ಕಾರ, ಮೊಮ್ಮಗಳಂಥಾಕಿಗೆ ರೀ ಅಂತೀರಿ?" ಎಂದು ಪಕ್ಕದಲ್ಲಿದ್ದವರು ನಕ್ಕರು. ಹುಡುಗಿ ನಗಲಿಲ್ಲ, ಆಗಲೆಂದು ತಲೆಯಾಡಿಸಿದಳು. ಪಂದ್ಯದ ಪದ್ಧತಿಯಂತೆ ಆಟ ಮುಗಿಯಿತೆಂದು ಕೈ ಕುಲುಕಬೇಕಿತ್ತು. ಮನೆಯ ಆಟದಲ್ಲಿ ಅದಿರಲಿಲ್ಲ. ಕಾಕೂ ಅರಿಯದೆ ಕೈ ಚಾಚಿದರು. ಹುಡುಗಿ ಬಹಳ ಹೊತ್ತು ಹಿಡಿದುಕೊಂಡು, ಬಿಟ್ಟು, ಎದ್ದಳು.

"ಹೋಗ್ತೇನಿ," ಅಂದಳು.

ನಮ್ಮ ಕಡೆ ಹೊರಡುವವರು ಯಾರೂ ಹಾಗನ್ನುವುದಿಲ್ಲ. ಹೋಗುವವರೂ "ಬರ್ತೇನಿ" ಎಂದೇ ಹೇಳಬೇಕು.

ಮರುದಿನ ಕಾಕೂ ಮೊದಲ ಕಾಯಿ ನಡೆಸಿ ಕೂತಿದ್ದರು. ಬಿಸಿಲು ಪಡಸಾಲೆಯಿಂದ ಅಂಗಳಕ್ಕಿಳಿದರೂ ಕಪ್ಪಿನ ಕಡೆ ಏನೂ ಅಲುಗಿರಲಿಲ್ಲ. "ಅವರ ಉತ್ತರಾನ ಬರವಲ್ದು ನೋಡವಾ," ಅಂದರು, ಮೆಲ್ಲಗೆ. ಆಮೇಲೆ ಅವರು ಆಟ ಹೂಡಿದ್ದನ್ನು ನಾನು ಕಾಣಲಿಲ್ಲ...

ಕಾಕೂ ಹೋಗಿ ಬಹಳ ಕಾಲವಾಯಿತು. ಈಗ ಮಗಳು ಶಾಲೆಗೆ ಹೊರಟಾಗ ಅವಳ ಕೈ ಹಿಡಿದು ಬಾಗಿಲಲ್ಲೇ ನಿಲ್ಲುತ್ತೇನೆ. "ಬಸ್ ಬಂತು, ಬಿಡು ಮಮ್ಮಿ," ಎನ್ನುತ್ತಾಳೆ. ಬರ್ತೇನಿ ಅನ್ನುವ ತನಕ ಬಿಡುವುದಿಲ್ಲ.