ಕೌದಿ ಕಟ್ಟಿದ ಸ್ಟುಡಿಯೊ

ನನ್ನಣ್ಣ ಹೂವಿನಹಡಗಲಿಯ ಬ್ಯಾಂಡ್‌ಸೆಟ್ಟಿನಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ. ಕೊಟ್ಟೂರು, ಹರಪನಹಳ್ಳಿ, ಎಲ್ಲಿ ಮದುವೆಯಿದ್ದರೂ ಬಿಸಿಲಲ್ಲಿ ನಡೆಯುತ್ತಲೇ ಊದಬೇಕು. ಜನ ಕುಣಿಯುತ್ತಿದ್ದರೇ ಹೊರತು ಕೇಳುತ್ತಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ, ಹಂಪಿ ನೋಡಲು ಬಂದಿದ್ದ ವಿದೇಶಿಯೊಬ್ಬ ಹೊಸಪೇಟೆಯ ಮೆರವಣಿಗೆಯಲ್ಲಿ ಇವನ ಪಕ್ಕದಲ್ಲೇ ಅರ್ಧ ದಾರಿ ನಡೆದು, ಒಂದು ಕ್ಯಾಸೆಟ್ ಕೊಟ್ಟು ಹೋದ. ಯುರೋಪಿನ ಯಾವುದೋ ಸ್ಟುಡಿಯೊದಲ್ಲಿ ಜಾಜ್ ವಾದಕನೊಬ್ಬ ಸ್ಯಾಕ್ಸೊಫೋನ್ ನುಡಿಸಿದ ಆಲ್ಬಮ್. ಒಂದು ಬದಿಯಲ್ಲಿ ಅದು, ಇನ್ನೊಂದು ಬದಿ ಖಾಲಿ.

ನನಗೆ ಅದರ ತಲೆಬುಡ ತಿಳಿಯಲಿಲ್ಲ. ಅಣ್ಣನಿಗೆ ಹುಚ್ಚೇ ಹಿಡಿಯಿತು.

"ಕೇಳಿಲ್ಲಿ, ಉಸಿರು ತಗೊಳ್ಳೋದೂ ಕೇಳಸ್ತೈತಿ. ಮದುವಿಲ್ಲ, ಮೆರವಣಿಗಿಲ್ಲ. ಬಾಗಿಲು ಹಾಕ್ಕೊಂಡು ಕುಂತು ಊದ್ಯಾನ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ತವರಿಗೆ ಹೋದರೆ, ನಡುಮನೆಯ ಕಿಟಕಿ ಬಾಗಿಲಿಗೆಲ್ಲ ಹಳೇ ಸೀರೆ ಜೋಡಿಸಿ ಅವ್ವ ಹೊಲಿದ ಕೌದಿಗಳು. ಒಳಗೆ ಅಣ್ಣ ಬೆವರಲ್ಲಿ ತೊಯ್ದು ಕೂತಿದ್ದ.

"ಏನಣ್ಣ, ಬಾಣಂತಿ ಕೋಣಿ ಮಾಡೀಯೇನು?" ಎಂದು ನಕ್ಕೆ. ಅವನೂ ನಕ್ಕ. ಏನೋ ಅಭ್ಯಾಸ ನಡೆದಿದೆ ಎಂದುಕೊಂಡೆ.

ಎರಡು ವರ್ಷದಲ್ಲಿ ಅವನ ಎದೆ ಕೆಟ್ಟಿತು. ಡಾಕ್ಟರು ಊದುವುದನ್ನೇ ಬಿಡಿಸಿದರು. ವಾದ್ಯವನ್ನು ಬ್ಯಾಂಡಿನವರಿಗೆ ಕೊಟ್ಟುಬಿಟ್ಟ.

ಅದರ ಮರುವರ್ಷ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅವ್ವ ಜೋಗುಳಕ್ಕೆ ಕೂತಳು. ಎಪ್ಪತ್ತು ದಾಟಿದವಳು, ದನಿ ಆಗಲೇ ನಡುಗುತ್ತಿತ್ತು. ಅದನ್ನು ಟೇಪು ಮಾಡಲೇಬೇಕೆಂದು ನಾನು ಹಟ ಹಿಡಿದೆ. ನಾನು ತಂದಿದ್ದ ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡು ಹರಿದುಹೋಯಿತು. ಅತ್ತೇಬಿಟ್ಟೆ. ಅಣ್ಣ ಎದ್ದು ಹೋಗಿ ತನ್ನ ಕ್ಯಾಸೆಟ್ ತಂದ. ಅದರ ಬೆನ್ನಿನ ಮೂಲೆಯ ಪ್ಲಾಸ್ಟಿಕ್ ಚೂರು ಮುರಿದಿತ್ತು. ಆ ತೂತಿಗೆ ಕಾಗದ ಮಡಚಿ ತುರುಕಿ, ತಾನೇ ಗುಂಡಿ ಒತ್ತಿದ.

ಚೂರು ಯಾಕೆ ಮುರಿಯುತ್ತಾರೆಂದು ನನಗೆ ಗೊತ್ತಿರಲಿಲ್ಲವೇ? ತುಂಬಿಸಿದ್ದನ್ನು ಯಾರೂ ಅಳಿಸದಿರಲಿ ಎಂದು ಎಲ್ಲರ ಮನೆಯಲ್ಲೂ ಆ ಬದಿಯ ಚೂರು ಮುರಿಯುತ್ತಿದ್ದರು. ಖಾಲಿ ಬದಿಗೆ ಯಾರು ಮುರಿಯುತ್ತಾರೆ? ನನ್ನ ಹಟಕ್ಕೆ ಬೆಂಕಿ ಬೀಳಲಿ, ಕಣ್ಣೆದುರೇ ಇದ್ದದ್ದು ಕಾಣಲಿಲ್ಲ.

ಅಣ್ಣ ತೀರಿಕೊಂಡು ಕಾರ್ಯವೆಲ್ಲ ಮುಗಿದ ಮೇಲೆ ಅತ್ತಿಗೆ ಹೇಳಿದಳು: "ಅವತ್ತು ಕೌದಿ ಕಟ್ಟಿ ಊದಿದ್ದು ಆ ಬದಿಯಾಗ ಇತ್ತವ್ವ. ನಿನಗ ಹೇಳಬ್ಯಾಡ ಅಂದಿದ್ರು."

ನಾನು ಎಷ್ಟು ಅತ್ತರೂ ಅದು ವಾಪಸು ಬರುವುದಿಲ್ಲ. ಆದರೂ ಆಗಾಗ ಆ ಕ್ಯಾಸೆಟ್ ಹಾಕುತ್ತೇನೆ. ಒಂದು ಬದಿಯಲ್ಲಿ ಆ ಪರದೇಶದವನ ಉಸಿರು ಹಾಗೆಯೇ ಇದೆ. ತಿರುಗಿಸಿದರೆ ಅವ್ವನ ಜೋಗುಳ. ಅದಕ್ಕೂ ಮೊದಲು, ಗುಂಡಿಯ ಸದ್ದಿನ ಹಿಂದೆಯೇ, ಅಣ್ಣನ ದನಿ:

"ಖಾಲಿ ಐತಿ ಯವ್ವಾ, ಹಾಡು."