ಭಂಡಾರ, ಭಂಗಾರ

ಆ ಶಾಫ್ಟಿನ ಮೇಲೆ ಭಂಡಾರದ ಬೊಟ್ಟು ಇಟ್ಟವನು ನಾನು. ಮಾಳಪ್ಪ ಮಿಸ್ತ್ರಿ ಇಟ್ಟದ್ದಲ್ಲ. ಇಷ್ಟನ್ನು ಬರೆಯಲು ನನಗೆ ನಲವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು — ಬರೆದಾದ ಮೇಲೆ ನೋಡಿದರೆ ಒಂದು ಸಾಲೂ ಪೂರ್ತಿ ತುಂಬಿಲ್ಲ.

ಎಪ್ಪತ್ತರ ದಶಕದ ಮಾತು. ಸೊಲ್ಲಾಪುರದಲ್ಲಿ ಅಕ್ಕಲಕೋಟೆ ರಸ್ತೆಗೆ ನಮ್ಮಪ್ಪನ ಮೋಟಾರು ಸಾಮಾನಿನ ಅಂಗಡಿ ಇತ್ತು, ಅದರ ಹಿಂದೆ ತಗಡಿನ ಶೆಡ್ಡು. ಮಿಲಿಟರಿಯವರು ಹರಾಜಿಗೆ ಬಿಟ್ಟ ಹಳೆಯ ಜೀಪುಗಳನ್ನು ಸುತ್ತಲಿನ ಹಳ್ಳಿಯವರು ಕೊಳ್ಳುತ್ತಿದ್ದರು. ಭಾರ ಹೇರಿ ಹೇರಿ ಅವುಗಳ ಹಿಂದಿನ ಎಕ್ಸಲ್ ಸೋತುಬಿಡುತ್ತಿತ್ತು. ಅದನ್ನು ಕಳಚಿ, ಈಚಿನ ಮಾದರಿಯ ಜೀಪಿನ ದಪ್ಪ ಎಕ್ಸಲ್ಲನ್ನು ಕತ್ತರಿಸಿ, ಬೆಸೆದು, ಹಳೆಯ ಗಾಡಿಗೆ ಕೂಡಿಸುವುದು ನಮ್ಮ ಶೆಡ್ಡಿನ ಹೆಸರಾದ ಕೆಲಸ. ಅದರಲ್ಲಿ ಒಂದೇ ಒಂದು ಅಪಾಯ. ಹಳೆಯ ಎಕ್ಸಲ್ಲಿನಲ್ಲಿ ಒಳಗಿನ ಶಾಫ್ಟು ಮುರಿದರೂ ಗಾಲಿ ಜಾಗ ಬಿಡುತ್ತಿರಲಿಲ್ಲ. ಹೊಸದರಲ್ಲಿ ಗಾಲಿ ಆ ಶಾಫ್ಟನ್ನೇ ನಂಬಿಕೊಂಡಿರುತ್ತದೆ. ಶಾಫ್ಟು ಹೋದರೆ ಗಾಲಿಯೂ ಹೋಯಿತು. ನಾವು ಕೂಡಿಸುತ್ತಿದ್ದುದೆಲ್ಲ ಬೇರೆ ಗಾಡಿಯಿಂದ ಬಿಚ್ಚಿದ ಮಾಲು. ಆದ್ದರಿಂದ ಶಾಫ್ಟಿನಲ್ಲಿ ಕೂದಲೆಳೆಯಷ್ಟು ಸೀಳಿದ್ದರೂ ನಡೆಯುವಂತಿರಲಿಲ್ಲ.

ಆ ಸೀಳನ್ನು ಹಿಡಿಯುತ್ತಿದ್ದುದು ನಮ್ಮ ಶೆಡ್ಡಿನ ಮೆಕ್ಯಾನಿಕ್ ಮಾಳಪ್ಪ ಮಿಸ್ತ್ರಿಯ ಕಿವಿ. ಶಾಫ್ಟನ್ನು ಹಗ್ಗ ಕಟ್ಟಿ ತೊಲೆಗೆ ತೂಗುಹಾಕಿ, ಸಣ್ಣ ಸುತ್ತಿಗೆಯಿಂದ ಒಮ್ಮೆ ಬಡಿದು ಕಣ್ಣು ಮುಚ್ಚುತ್ತಿದ್ದ. ನಾದ ಗಂಟೆಯಂತೆ ಎಳೆದುಕೊಂಡು ಹೋದರೆ ಸರಿ. ಮೊಂಡಾಗಿ ಅಲ್ಲೇ ನಿಂತರೆ ಒಳಗೆ ಸೀಳಿದೆ ಎಂದು ಅರ್ಥ. ಹುಲಜಂತಿಯ ಮಹಾಲಿಂಗರಾಯನ ಭಕ್ತ ಅವನು. ಅಲ್ಲಿಂದ ತಂದ ಭಂಡಾರವನ್ನು, ಅಂದರೆ ದೇವರ ಅರಿಸಿನವನ್ನು, ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದ. ಪಾಸಾದ ಶಾಫ್ಟಿಗೆ ಎಣ್ಣೆಯಲ್ಲಿ ಕಲಸಿದ ಭಂಡಾರದ ಬೊಟ್ಟು. ಫೇಲಾದದ್ದು ಭಂಗಾರಕ್ಕೆ — ನಮ್ಮ ಕಡೆ ಗುಜರಿಗೆ ಹಾಗೇ ಅನ್ನುತ್ತೇವೆ. "ಹಾಡಿದ್ರ ಭಂಡಾರ, ಕೆಮ್ಮಿದ್ರ ಭಂಗಾರ," ಎಂದು ತಾನೇ ನಗುತ್ತಿದ್ದ. ಆ ಹಳದಿ ಬೊಟ್ಟು ಇಲ್ಲದ ಶಾಫ್ಟನ್ನು ನಮ್ಮಪ್ಪ ಕೂಡ ಮುಟ್ಟುತ್ತಿರಲಿಲ್ಲ.

ಪಕ್ಕದಲ್ಲಿ ಚಾದರದ ಮಗ್ಗಗಳ ಶೆಡ್ಡು. ಮುಂಜಾನೆಯಿಂದ ಖಟಖಟ, ಖಟಖಟ. ಹಾಗಾಗಿ ಮಾಳಪ್ಪ ಮಧ್ಯಾಹ್ನ ಊಟದ ಸುಟ್ಟಿಗೆ ಮಗ್ಗ ನಿಂತಾಗ ಮಾತ್ರ ಶಾಫ್ಟು ಬಾರಿಸುತ್ತಿದ್ದ. ಅರ್ಧ ತಾಸು ಸಿಗುತ್ತಿತ್ತು. ಆ ಹೊತ್ತಿನಲ್ಲಿ ನಾವು ಚಹಾದ ಬಶಿಯನ್ನೂ ಸಪ್ಪಳವಾಗದಂತೆ ಇಡಬೇಕು! ನನಗೆ ಇದೆಲ್ಲ ಅತಿ ಅನಿಸುತ್ತಿತ್ತು. ನನಗಾಗ ಇಪ್ಪತ್ತೆರಡು, ಕಾಲೇಜು ಮುಗಿಸಿ ಅಂಗಡಿಯ ಗಾದಿಯ ಮೇಲೆ ಕೂತಿದ್ದೆ. ಸಾವಕಾರ ನಾನೋ ಮಿಸ್ತ್ರಿಯೋ ಎಂಬ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು.

ಹನ್ನೂರಿನ ಶಾಂತಪ್ಪ ತನ್ನ ಜೀಪು ತಂದಿದ್ದ. ಅಕ್ಕಲಕೋಟೆಯಿಂದ ಹಳ್ಳಿಗಳಿಗೆ ಜನರನ್ನು ಒಯ್ಯುವ ಗಾಡಿ, ಅವನೇ ಮಾಲೀಕ, ಅವನೇ ಡ್ರೈವರು. ಎಕ್ಸಲ್ ಕೂಡಿಸುವ ಕೆಲಸ ಮುಗಿಯುತ್ತ ಬಂದಿತ್ತು. ಬಲಗಡೆಯ ಶಾಫ್ಟಿಗೆ ಹಿಂದಿನ ದಿನವೇ ಬೊಟ್ಟು ಬಿದ್ದಿತ್ತು, ಎಡಗಡೆಯದನ್ನು ಬಾರಿಸುವುದು ಬಾಕಿ. ಆದರೆ ಅಂದು ಮಗ್ಗದವರಿಗೆ ಏನೋ ಅವಸರದ ಮಾಲು, ಮಧ್ಯಾಹ್ನವಾದರೂ ಮಗ್ಗ ನಿಲ್ಲಲಿಲ್ಲ. ಮಾಳಪ್ಪ ಬೇರೆ ಕೆಲಸಕ್ಕೆಂದು ಲೇಥ್ ಅಂಗಡಿಗೆ ಹೋದ. ಅಪ್ಪ ಊರಲ್ಲಿರಲಿಲ್ಲ. ಶಾಂತಪ್ಪ ಗಾದಿಯ ಮುಂದೆ ಬಂದು ನಿಂತ.

"ಏನ್ರಿ ಸಾವಕಾರ್ರ, ನಿಮ್ಮ ಅಂಗಡಿ, ನಿಮ್ಮ ಮಾಲು. ಒಂದ್ ಶಾಫ್ಟ್ ಕೊಡಾಕ ನೀವು ಮಿಸ್ತ್ರಿನ್ನ ಕೇಳಬೇಕೇನು?"

ಅವನು ನಗುತ್ತಲೇ ಅಂದದ್ದು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಎದ್ದು ಶೆಡ್ಡಿಗೆ ಹೋದೆ. ಶಾಫ್ಟನ್ನು ತೂಗುಹಾಕಿ ಬಡಿದೆ. ಖಟಖಟದ ನಡುವೆ ಏನೋ ಒಂದು ಕೇಳಿಸಿತು — ಹಾಡಿತೆಂದು ನಾನೇ ಅಂದುಕೊಂಡೆ. ಇಲ್ಲ, ಇಲ್ಲಿಯೂ ಸುಳ್ಳು ಯಾಕೆ? ನನಗೆ ಏನೂ ಕೇಳಿಸಿರಲಿಲ್ಲ. ಡಬ್ಬಿ ತೆಗೆದು ಬೊಟ್ಟು ಇಟ್ಟೆ.

ಮಾಳಪ್ಪ ತಿರುಗಿ ಬಂದ. ಶಾಫ್ಟನ್ನು ಕೈಗೆತ್ತಿಕೊಂಡು ಬೊಟ್ಟನ್ನೇ ನೋಡುತ್ತ ನಿಂತ.

"ಇದಕ್ಕ ನಾ ಯಾವಾಗ ಹಚ್ಚಿದ್ನಿ?"

"ನಿನ್ನೇನಽ ಎರಡಕ್ಕೂ ಹಚ್ಚೀರಲ್ರಿ ಮಿಸ್ತ್ರಿ. ಮರ್ತ್ರೇನು?"

ಇದೇ ನಾನಾಡಿದ ಸುಳ್ಳು. ಅವನು ಹಣೆ ಉಜ್ಜಿಕೊಂಡ. ಇನ್ನೊಮ್ಮೆ ಬಾರಿಸಿ ನೋಡುತ್ತಾನೇನೋ ಎಂದು ಹೆದರಿದೆ. ಬಾರಿಸಲಿ ಎಂದು ಒಳಗೆ ಯಾರೋ ಬೇಡಿಕೊಳ್ಳುತ್ತಲೂ ಇದ್ದರು... ಬಾರಿಸಲಿಲ್ಲ. "ಇರಬೇಕ ಬಿಡ್ರಿ, ನೀವಂದ್ರ ಸುಳ್ಳಾಗತೈತೇನು," ಎಂದು ನಕ್ಕು, ಶಾಫ್ಟನ್ನು ಎಕ್ಸಲ್ಲಿಗೆ ಏರಿಸಿದ. ಸಾವಕಾರರ ಮಗನ ಮಾತನ್ನು ತನ್ನ ನೆನಪಿಗಿಂತ ಹೆಚ್ಚು ನಂಬಿದ.

ಎಂಟು ದಿನಕ್ಕೆ ಸುದ್ದಿ ಬಂತು. ಅಕ್ಕಲಕೋಟೆ ದಾಟಿ ಹನ್ನೂರ ಹಾದಿಯಲ್ಲಿ ಎಡಗಡೆಯ ಹಿಂದಿನ ಗಾಲಿ ಕಳಚಿ ಜೀಪು ಮಗುಚಿತ್ತು. ಪುಣ್ಯಕ್ಕೆ ಗಾಡಿಯಲ್ಲಿ ಬೇರೆ ಜನ ಇರಲಿಲ್ಲ. ಶಾಂತಪ್ಪನ ಬಲಗಾಲನ್ನು ಮೊಣಕಾಲ ಕೆಳಗೆ ತೆಗೆಯಬೇಕಾಯಿತು. ಅವನು ತೀರಿಕೊಂಡೇ ಈಗ ಬಹಳ ವರ್ಷವಾಯಿತು. ನಾನು ಹಣ್ಣು ಹಿಡಿದುಕೊಂಡು ಎರಡು ಸಲ ಅವನ ಮನೆಗೆ ಹೋಗಿದ್ದೆ — ಬರೀ ಹಣ್ಣು ಕೊಟ್ಟು ಬಂದೆ.

ಮುರಿದ ಶಾಫ್ಟನ್ನು ಅಪ್ಪ ಅಂಗಡಿಗೆ ತರಿಸಿದರು. ಮುರಿದ ಮುಖದ ಅರ್ಧ ಬೆಳ್ಳಗೆ ಹೊಳೆಯುತ್ತಿತ್ತು, ಇನ್ನರ್ಧ ತುಕ್ಕು ಹಿಡಿದು ಕಪ್ಪಾಗಿತ್ತು. ಹಳೆಯ ಸೀಳು. ಪಕ್ಕದಲ್ಲೇ ಹಳದಿ ಬೊಟ್ಟು ಇನ್ನೂ ಇತ್ತು.

"ಭಂಡಾರ ಹಚ್ಚಿದವರು ಯಾರು?" ಅಪ್ಪ ಕೇಳಿದರು.

ನಾನು ಬಾಯಿ ತೆರೆದೆ. ನಿಜವಾಗಿಯೂ ತೆರೆದೆ. ಅಷ್ಟರಲ್ಲಿ ಮಾಳಪ್ಪ ಅಂದ, "ನಾನಽರಿ. ನನ್ನ ಬಿಟ್ಟು ಮತ್ಯಾರು ಹಚ್ತಾರ್ರಿ? ನನ್ನ ಕಿವಿ ಹೋಗ್ಯಾವ್ರಿ ಸಾವಕಾರ್ರ."

ನನ್ನ ಬಾಯಿ ಹಾಗೆಯೇ ಮುಚ್ಚಿತು. ಈಗ ಹೇಳುತ್ತೇನೆ, ಸಂಜೆ ಹೇಳುತ್ತೇನೆ, ಅಪ್ಪ ಒಬ್ಬರೇ ಇದ್ದಾಗ ಹೇಳುತ್ತೇನೆ... ಅಪ್ಪ ಅವನನ್ನು ಬೈಯಲಿಲ್ಲ, ಕೆಲಸದಿಂದ ಬಿಡಿಸಲೂ ಇಲ್ಲ. ಅವನೇ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡು, ಸುತ್ತಿಗೆಯನ್ನು ಮೊಳೆಗೆ ತೂಗುಹಾಕಿ ಹೋದ. "ಕೇಳಸದಿದ್ದವ ಜೀಪಿಗೆ ಕೈ ಹಚ್ಚಬಾರದು," ಎಂದನಂತೆ ಹೆಂಡತಿಯ ಮುಂದೆ. ಕೇಳಿಸದವರಿಗೂ ಕೆಲಸ ಸಿಗುವ ಜಾಗವೊಂದೇ ಅವನಿಗೆ ಹೊಳೆದದ್ದು. ಪಕ್ಕದ ಮಗ್ಗದ ಶೆಡ್ಡಿಗೆ ಸೇರಿಕೊಂಡ.

ಯೋಚಿಸಿ ನೋಡಿ. ನಾದ ಕೇಳಲು ಮಗ್ಗ ನಿಲ್ಲಲಿ ಎಂದು ಕಾಯುತ್ತಿದ್ದವನು ಇಪ್ಪತ್ತೈದು ವರ್ಷ ಅದೇ ಮಗ್ಗಗಳ ನಡುವೆ ನಿಂತ. ಗೋಡೆಯ ಈಚೆ ನಾನು ಕೂತಿದ್ದೆ. ದಿನಾ ಆ ಖಟಖಟ ಕೇಳುತ್ತಿತ್ತು. ಅವನ ಕಿವಿ ಹೋಗಿರಲಿಲ್ಲ, ಆಗ ಹೋಗಿರಲಿಲ್ಲ — ಆಮೇಲೆ ಹೋದವು. ವರ್ಷ ವರ್ಷ ಸ್ವಲ್ಪ ಸ್ವಲ್ಪವಾಗಿ. ರಸ್ತೆಯಲ್ಲಿ ಸಿಕ್ಕಾಗ ನಾನು ಸ್ವಲ್ಪ ಗಟ್ಟಿಯಾಗಿ ಮಾತಾಡಬೇಕಾಯಿತು, ನಂತರ ಒದರಬೇಕಾಯಿತು. ಹೇಳಲು ಸಮಯ ಮುಗಿಯುತ್ತಿದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಹಿಸುಕಿಕೊಳ್ಳುತ್ತ ಕೂತೆ.

ಹೋದ ತಿಂಗಳು ಅವನ ಮನೆಗೆ ಹೋದೆ. ಮಗ ಊರಾಚೆಯ ಚಿಂಚೋಳಿ ಎಂಐಡಿಸಿಯ ಕಾರ್ಖಾನೆಗೆ ಕೆಲಸಕ್ಕೆ ಹೋಗಿದ್ದ. ಸೊಸೆ ಚಹಾ ಇಟ್ಟಳು. ನಾನು ಹಾಸಿಗೆಯ ಪಕ್ಕ ಕೂತು ಅವನ ಕಿವಿಗೆ ಬಾಯಿ ಹಚ್ಚಿ ಎಲ್ಲವನ್ನೂ ಹೇಳಿದೆ. ಬೊಟ್ಟು ನಾನಿಟ್ಟದ್ದು, ಸುಳ್ಳು ನಾನಾಡಿದ್ದು, ನಿಮ್ಮ ಕಿವಿ ಸರಿಯಾಗಿಯೇ ಇದ್ದವು ಮಿಸ್ತ್ರಿ, ಸರಿಯಾಗಿಯೇ ಇದ್ದವು. ನಾನು ಮುಖ ಎತ್ತಿದಾಗ ಅವನು ನನ್ನನ್ನೇ ನೋಡುತ್ತ ತಲೆಯಾಡಿಸಿದ. "ಹೌದ್ರಿ, ಹೌದ್ರಿ. ನಿಮ್ಮ ಅಪ್ಪಾರು ಭಾಳ ಚಲೋರಿ," ಎಂದ. ಬರೆದು ತೋರಿಸಲು ಅವನಿಗೆ ಓದು ಬಾರದು. ನಾನು ಎದ್ದಾಗ ಅವನು ತಲೆದಿಂಬಿನ ಕೆಳಗಿನಿಂದ ಆ ಡಬ್ಬಿಯನ್ನೇ ತೆಗೆದ. ನನ್ನ ಹಣೆಗೆ ಭಂಡಾರ ಹಚ್ಚಿದ.

ಬಾಗಿಲಲ್ಲಿ ಸೊಸೆ ಕೇಳಿದಳು. ಅವಳಿಗೆ ಬರುವುದು ಮರಾಠಿ. "ಮಾಮಾಂನಾ ಕಾಯ್ ಸಾಂಗತ್ ಹೋತಾ?" ಮಾವನಿಗೆ ಏನು ಹೇಳುತ್ತಿದ್ದಿರಿ?

"ಕಾಹೀ ನಾಹೀ," ಎಂದೆ. ಏನೂ ಇಲ್ಲ.

ಮತ್ತೆ ಅದೇ. ಹಣೆಯ ಮೇಲೆ ಪಾಸಾದವರ ಬೊಟ್ಟು, ಬಾಯಲ್ಲಿ ಅದೇ ಸುಳ್ಳು. ಅಂದಿನಿಂದ ಇದನ್ನು ಬರೆಯುತ್ತಿದ್ದೇನೆ, ಆದರೆ ಆ ಮನೆಯಲ್ಲಿ ಕನ್ನಡ ಓದುವವರು ಯಾರೂ ಇಲ್ಲ. ಭಾನುವಾರ ಮಗ ಮನೆಯಲ್ಲಿರುತ್ತಾನೆ. ಹೋಗಿ, ನಿನ್ನಪ್ಪನ ಕಿವಿ ಸುಳ್ಳು ಹೇಳಿರಲಿಲ್ಲ, ಹೇಳಿದವನು ನಾನು ಎಂದು ಸೊಸೆಗೂ ತಿಳಿಯುವಂತೆ ಮರಾಠಿಯಲ್ಲಿ ಹೇಳಬೇಕು. ಆ ಮೊದಲ ವಾಕ್ಯವನ್ನು ದಿನವೂ ಬಾಯಿಪಾಠ ಮಾಡುತ್ತಿದ್ದೇನೆ.