ಕೈಗೆ ಬಂದ ಮೀನು

ಮುಳಬಾಗಿಲಿನ ಬಸ್ ನಿಲ್ದಾಣದ ಹಿಂದೆ ಅಕ್ವೇರಿಯಂ ಅಂಗಡಿ ಇಟ್ಟಿದ್ದ ಸಾಹೇಬರು ಸಮುದ್ರವನ್ನು ಒಮ್ಮೆಯೂ ಕಂಡವರಲ್ಲ. ಆದರೂ ಸಮುದ್ರದಿಂದ ಹಿಡಿದು ತಂದ ಮೀನನ್ನು ಮಾರುವುದಿಲ್ಲ, ತೊಟ್ಟಿಯಲ್ಲಿ ಮರಿ ಮಾಡಿಸಿದ್ದನ್ನಷ್ಟೇ ಮಾರುತ್ತೇನೆ ಎಂಬುದು ಅವರ ಹಟ.

ಚೆನ್ನೈನಿಂದ ಉಪ್ಪುನೀರಿನ ಮೀನು ಬಂದಾಗ ಕಳಿಸಿದವರ ಮಾತನ್ನು ಅವರು ನಂಬುತ್ತಿರಲಿಲ್ಲ. ಅಂಗಿಯ ತೋಳು ಮಡಚಿ, ತೊಟ್ಟಿಯ ಮೇಲೆ ಅಂಗೈ ಚಾಚಿ, ಉಸಿರು ಬಿಗಿಹಿಡಿದು ಕಾಯುತ್ತಿದ್ದರು.

“ಕೈ ತೋರ್ಸಿ ನೋಡಿ ಸಾರ್, ಅದೇ ಹೇಳ್ತದೆ,” ಎನ್ನುತ್ತಿದ್ದರು. ತೊಟ್ಟಿಯಲ್ಲಿ ಹುಟ್ಟಿದ ಮೀನು ಊಟ ಬಂತೆಂದು ಮೇಲೇರುತ್ತದೆ, ಸಮುದ್ರದ್ದು ಹೆದರಿ ಕಲ್ಲಿನ ಸಂದಿಗೆ ನುಗ್ಗುತ್ತದೆ ಎಂಬುದು ಅವರ ನಂಬಿಕೆ.

ಒಮ್ಮೆ ಬಂದ ಕಿತ್ತಳೆ ಬಣ್ಣದ, ಬಿಳಿ ಪಟ್ಟೆಯ ಪುಟ್ಟ ಮೀನೊಂದು ಹಾಗೆ ನುಗ್ಗಿತು. ವಾಪಸ್ ಕಳಿಸಿದರೆ ದಾರಿಯಲ್ಲೇ ಸಾಯುತ್ತದೆಂದು ಸಾಹೇಬರು ಅದನ್ನು ಮೂಲೆಯ ತೊಟ್ಟಿಯಲ್ಲಿ ತಾವೇ ಸಾಕಿಕೊಂಡರು. ಆಗಾಗ ಅಂಗಡಿಗೆ ಬರುತ್ತಿದ್ದ ನನಗೋ ಮೊದಲ ದಿನದಿಂದ ಅದರ ಮೇಲೆ ಕಣ್ಣು.

ಆರು ತಿಂಗಳು ಕಳೆದಿರಬೇಕು. ಅವರು ಬೇರೆ ಗಿರಾಕಿಯ ಜೊತೆ ಮಾತಾಡುತ್ತಿದ್ದಾಗ ನಾನು ಮೆಲ್ಲಗೆ ಕೈ ಚಾಚಿ ಬೆರಳ ತುದಿಯನ್ನು ನೀರಿಗೆ ತಾಕಿಸಿದೆ. ಮೀನು ನೆಟ್ಟಗೆ ಬಂದು ಬೆರಳನ್ನು ಮುಟ್ಟಿತು.

“ಸಾಹೇಬ್ರೇ, ಇದು ನಿಮ್ಮ ಪರೀಕ್ಷೇಲಿ ಪಾಸಾಯ್ತು. ಈಗ ಕೊಡಬೋದಲ್ಲ?” ಎಂದೆ.

ಅವರು ಬಂದು ತಾವೂ ಹಾಗೇ ಕೈ ಚಾಚಿದರು. ಮೀನು ಮತ್ತೆ ಮೇಲೇರಿತು.

“ಅಂದ್ರೆ ಇಷ್ಟು ವರ್ಷ ಕೈಗೆ ಬಂತು ಅಂತ ನಾನು ಮಾರಿದ್ದೆಲ್ಲ,” ಎಂದರು ಬೆರಳು ಒರೆಸಿಕೊಳ್ಳುತ್ತ, “ಎಲ್ಲಿ ಹುಟ್ಟಿದ್ವೋ ಸಾರ್?”